ಮೀನಿನ ತಾಜಾತನ ಮತ್ತು ಕಿಣ್ವಾಧಾರಿತ ಜೈವಿಕ ಸಂವೇದಕಗಳು

ಮೀನು ಸತ್ತ ಕ್ಷಣದಿಂದ ಮೊದಲ್ಗೊಂಡು ಅದರ ಸ್ನಾಯುವಿನೊಳಗೆ ಒಂದರ ಬೆನ್ನಿಗೊಂದರಂತೆ ನಡೆಯುವ ರಾಸಾಯನಿಕ ವಿಘಟನೆಗಳ ಸರಣಿಯಲ್ಲಿ ಎಷ್ಟು ಮೆಟ್ಟಿಲುಗಳನ್ನು ಇಳಿದಾಗಿದೆ, ಇನ್ನೆಷ್ಟು ಉಳಿದಿವೆ ಎಂಬ ಲೆಕ್ಕವೇ ರಸಾಯನವಿಜ್ಞಾನಿಯ ದೃಷ್ಟಿಯಲ್ಲಿ ಅದರ ತಾಜಾತನವೆನಿಸುತ್ತದೆ. ಈ ಲೆಕ್ಕವನ್ನು ತಿಳಿಯುವುದಕ್ಕಾಗಿ, ಆ ವಿಘಟನೆಯಲ್ಲಿ ಹುಟ್ಟುವ ಪದಾರ್ಥಗಳನ್ನು ನೂರಾರು ಅನ್ಯ ಪದಾರ್ಥಗಳ ನಡುವಿನಿಂದ ಆರಿಸಿ ಹಿಡಿಯಬಲ್ಲ ಕಿಣ್ವಗಳನ್ನು ಒಂದು ವಿದ್ಯುದಗ್ರದ ಮೇಲಾಗಲಿ ಕಾಗದದ ಪಟ್ಟಿಯ ಮೇಲಾಗಲಿ ನೆಲೆಗೊಳಿಸಿ, ಅವು ನಡೆಸುವ ಕ್ರಿಯೆಯನ್ನು ವಿದ್ಯುತ್ಪ್ರವಾಹದ ಏರಿಳಿತವಾಗಿಯೋ ಬಣ್ಣದ ಬದಲಾವಣೆಯಾಗಿಯೋ ಓದಿಕೊಳ್ಳುವ ಉಪಕರಣಗಳಿಗೆ ಕಿಣ್ವಾಧಾರಿತ ಜೈವಿಕ ಸಂವೇದಕಗಳೆಂದು ಹೆಸರು. ಕಿಣ್ವವೆಂದರೆ ಜೀವಕೋಶಗಳಲ್ಲಿ ಹುಟ್ಟುವ, ಒಂದೇ ಬಗೆಯ ಅಥವಾ ತೀರ ಹತ್ತಿರದ ಕೆಲವೇ ಬಗೆಯ ಅಣುಗಳ ಮೇಲೆ ಮಾತ್ರ ಕೆಲಸಮಾಡುವ ಪ್ರೋಟೀನು. ಈ ಆಯ್ಕೆಯ ನಿಷ್ಠೆಯೇ ಅದನ್ನು ಅಳತೆಯ ಸಾಧನವಾಗಿಸುವುದಕ್ಕೆ ಕಾರಣವಾಯಿತು.

ಇಂಥ ಸಾಧನದ ಅವಶ್ಯಕತೆಯನ್ನು ಮನಗಾಣಬೇಕಾದರೆ ಕಡಲ ದಡದ ಬಂದರಿಗಿಂತ ಒಳನಾಡಿನ ಪೇಟೆಯೇ ತಕ್ಕ ಸ್ಥಳ. ಪುಣೆಯ ಪೂರ್ವಭಾಗದಲ್ಲಿ, ಮುಳಾ-ಮುಠಾ ನದಿಗೆ ದಕ್ಷಿಣದಲ್ಲಿ, ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ಹಡಪಸರವು ಅಂಥದೊಂದು ಪೇಟೆ. ಇಲ್ಲಿಗೆ ಮೀನು ಎರಡು ದಿಕ್ಕುಗಳಿಂದ ಬರುತ್ತದೆ. ಮುಂಬಯಿಯ ಮತ್ತು ಕೊಂಕಣದ ಬಂದರುಗಳಲ್ಲಿ ಇಳಿದ ಬಂಗುಡೆ, ಸುರಮಯಿ, ಪಾಪ್ಲೆಟ್, ಬೊಂಬಿಲ್ ಮೊದಲಾದುವು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಸಹ್ಯಾದ್ರಿಯ ಘಟ್ಟವನ್ನೇರಿ ಪಶ್ಚಿಮದಿಂದ ಬಂದರೆ, ಸುಮಾರು ನೂರು ಕಿಲೋಮೀಟರು ದೂರದ ಭಿಗವಣದಲ್ಲಿ, ಭೀಮಾನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರಿನಿಂದ ಹಿಡಿದ ಕಾಟ್ಲಾ, ರೋಹು, ಮತ್ತು ಅಲ್ಲಿನವರು ಚಿಲಾಪಿ ಎನ್ನುವ ತಿಲಾಪಿಯಾ ಮೀನುಗಳು ಪೂರ್ವದಿಂದ ಅದೇ ಹೆದ್ದಾರಿಯಲ್ಲಿ ಬರುತ್ತವೆ. ಹಡಪಸರದ ಬಳಿ ಹರಿದ ಮುಳಾ-ಮುಠೆಯ ನೀರೇ ಮುಂದೆ ಭೀಮೆಯನ್ನು ಕೂಡಿ ಆ ಹಿನ್ನೀರಾಗಿ ನಿಂತು, ಬಳಿಕ ವಿಜಯಪುರ, ಕಲಬುರಗಿಗಳ ಸೀಮೆಯನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವುದರಿಂದ, ಈ ಮೀನಿನ ಕಥೆ ಕನ್ನಡನಾಡಿಗೆ ಹೊರಗಿನದಲ್ಲ. ಮಂಗಳೂರು, ಉಡುಪಿ, ಕಾರವಾರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಯೂರಿರುವ ಕುಟುಂಬಗಳಿಗಂತೂ ಭಾನುವಾರದ ಬೆಳಗಿನ ಮೀನುಪೇಟೆಯೆಂದರೆ ಬಿಟ್ಟುಬಂದ ಊರಿನ ಜೊತೆಗಿನ ವಾರದ ಭೇಟಿಯಿದ್ದಂತೆ.

ಹೀಗೆ ಕಡಲ ಮೀನೂ ಕೆರೆಯ ಮೀನೂ ಒಂದೇ ಹಲಗೆಯ ಮೇಲೆ, ಒಂದೇ ಮಂಜುಗಡ್ಡೆಯ ಚೂರುಗಳ ನಡುವೆ ಅಕ್ಕಪಕ್ಕದಲ್ಲಿ ಮಲಗಿರುವಾಗ, ಕೊಳ್ಳುವವರ ಕೈಯಲ್ಲಿರುವ ಪರೀಕ್ಷೆಗಳು ನಾಲ್ಕೇ: ಕಿವಿರಿನ ಮುಚ್ಚಳವನ್ನೆತ್ತಿ ಕೆಂಪು ಉಳಿದಿದೆಯೇ ಎಂದು ನೋಡುವುದು, ಕಣ್ಣು ಉಬ್ಬಿ ತಿಳಿಯಾಗಿದೆಯೇ ಅಥವಾ ಗುಳಿಬಿದ್ದು ಮಬ್ಬಾಗಿದೆಯೇ ಎಂದು ನೋಡುವುದು, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಕುಳಿ ಮೇಲೇಳುತ್ತದೆಯೇ ಎಂದು ಕಾಯುವುದು, ಕೊನೆಗೆ ಮೂಸುವುದು. ತಲೆಮಾರುಗಳಿಂದ ಬಂದ ಈ ವಿದ್ಯೆಯನ್ನು ಹಗುರವಾಗಿ ಕಾಣಲಾಗದು. ಜಗತ್ತಿನ ಹಲವು ಮೀನು ಪರೀಕ್ಷಕ ಸಂಸ್ಥೆಗಳು ಇಂದಿಗೂ ಇಂದ್ರಿಯಪರೀಕ್ಷೆಯಿಂದಲೇ ಆರಂಭಿಸುತ್ತವೆ. ಆದರೆ ತುಂಡುಮಾಡಿ ಪೊಟ್ಟಣ ಕಟ್ಟಿದ ಮೀನಿಗೆ ಕಣ್ಣೂ ಇಲ್ಲ, ಕಿವಿರೂ ಇಲ್ಲ. ಮಂಜಿನಲ್ಲಿ ಗಟ್ಟಿಕಟ್ಟಿದ ಮೀನನ್ನು ಒತ್ತಿ ನೋಡಿ ಪ್ರಯೋಜನವಿಲ್ಲ. ವಾಸನೆಯೋ, ಸೂಕ್ಷ್ಮಜೀವಿಗಳು ತಮ್ಮ ಕೆಲಸವನ್ನು ಬಹುಮಟ್ಟಿಗೆ ಮುಂದುವರಿಸಿದ ಮೇಲೆ ಎದ್ದು ಬರುವಂಥದು, ಅಂದರೆ ತಡವಾಗಿ ಬರುವ ಸಾಕ್ಷಿ. ಹೊರಗಿನ ಗುರುತುಗಳು ಮೂಡುವ ಮೊದಲೇ ಒಳಗೆ ನಡೆದಿರುವ ಬದಲಾವಣೆಯನ್ನು ಹಿಡಿಯುವ ಮಾರ್ಗವೊಂದು ಬೇಕಾಯಿತು.

ಆ ಒಳಗಿನ ಬದಲಾವಣೆಯ ಸ್ವರೂಪ ಹೀಗಿದೆ. ಬದುಕಿರುವ ಮೀನಿನ ಸ್ನಾಯುವಿಗೆ ಶಕ್ತಿಯನ್ನೊದಗಿಸುವ ಅಡೆನೊಸಿನ್ ಟ್ರೈಫಾಸ್ಫೇಟ್, ಎಂದರೆ ಎಟಿಪಿ, ಉಸಿರು ನಿಂತ ಮೇಲೆ ಮತ್ತೆ ತುಂಬಿಕೊಳ್ಳದೆ ಕರಗತೊಡಗಿ, ಮೊದಲು ಎಡಿಪಿಯಾಗಿ, ಬಳಿಕ ಎಎಂಪಿಯಾಗಿ, ಅಲ್ಲಿಂದ ಐಎಂಪಿ ಎಂಬ ಇನೊಸಿನ್ ಮಾನೊಫಾಸ್ಫೇಟ್ ಆಗಿ, ಮುಂದೆ ಇನೊಸಿನ್ ಆಗಿ, ಕೊನೆಗೆ ಹೈಪೊಕ್ಸಾಂಥಿನ್ ಆಗಿ ಇಳಿಯುತ್ತದೆ. ಎಟಿಪಿ ತೀರುತ್ತ ಬಂದಾಗ ಸ್ನಾಯು ಸೆಟೆದು ಮರಣಕಾಠಿಣ್ಯವುಂಟಾಗುತ್ತದೆ. ಐಎಂಪಿ ಸಮೃದ್ಧವಾಗಿರುವಾಗ ಮೀನಿಗೆ ಅದರ ಹೆಸರುವಾಸಿಯಾದ ಸವಿ ಇರುತ್ತದೆ. ಹೈಪೊಕ್ಸಾಂಥಿನ್ ಹೆಚ್ಚಿದಂತೆ ನಾಲಗೆಗೆ ಕಹಿಯ ಎಳೆಯೊಂದು ತಾಗುತ್ತದೆ. ಒಣಗಿಸಿದ ಬೊನಿಟೊ ಮೀನಿನ ಸಾರಿನ ರುಚಿಗೆ ಇನೊಸಿನೇಟೇ ಕಾರಣವೆಂದು ಜಪಾನಿನ ಶಿಂತಾರೊ ಕೊದಾಮಾ 1913ರಲ್ಲಿ ತೋರಿಸಿಕೊಟ್ಟನು. ಆದುದರಿಂದ ಈ ಸರಣಿಯನ್ನು ಕೆಡುವಿಕೆಯ ದಾಖಲೆಯೆಂದಷ್ಟೇ ಅಲ್ಲ, ರುಚಿಯ ದಾಖಲೆಯೆಂದೂ ಓದಬಹುದು. ಇದರ ಮೊದಲ ಮೆಟ್ಟಿಲುಗಳನ್ನು ಮೀನಿನ ಸ್ವಂತ ಕಿಣ್ವಗಳೇ ನಡೆಸುವುದರಿಂದ, ಸೂಕ್ಷ್ಮಜೀವಿಗಳು ಬಲಗೊಳ್ಳುವುದಕ್ಕೆ ಮುಂಚಿನ ದಿನಗಳಲ್ಲಿಯೂ ಈ ಗಡಿಯಾರ ನಡೆಯುತ್ತಲೇ ಇರುತ್ತದೆ.

ಆ ಗಡಿಯಾರಕ್ಕೆ ಅಂಕೆಗಳನ್ನು ಬರೆದವರು ಜಪಾನಿನ ಮತ್ಸ್ಯವಿಜ್ಞಾನಿಗಳು. ಸೈತೊ, ಅರಾಯಿ ಮತ್ತು ಮತ್ಸುಯೋಶಿ ಎಂಬುವರು 1959ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇನೊಸಿನ್ ಮತ್ತು ಹೈಪೊಕ್ಸಾಂಥಿನ್‌ಗಳ ಮೊತ್ತವು, ಎಟಿಪಿಯಿಂದ ಹೈಪೊಕ್ಸಾಂಥಿನ್‌ವರೆಗಿನ ಆರೂ ಪದಾರ್ಥಗಳ ಒಟ್ಟು ಮೊತ್ತದಲ್ಲಿ ಶೇಕಡಾ ಎಷ್ಟೆಂಬುದನ್ನು ತಾಜಾತನದ ಸೂಚ್ಯಂಕವಾಗಿ ಇಟ್ಟುಕೊಳ್ಳಬಹುದೆಂದು ಸೂಚಿಸಿದರು. ಇದಕ್ಕೆ ಕೆ-ಮೌಲ್ಯವೆಂದು ಹೆಸರಾಯಿತು. ಕೆ-ಮೌಲ್ಯ 20ಕ್ಕಿಂತ ಕಡಿಮೆಯಿದ್ದರೆ ಮೀನನ್ನು ಹಸಿಯಾಗಿಯೇ ತಿನ್ನಬಹುದು, 20ರಿಂದ 40ರವರೆಗೆ ಬೇಯಿಸಿ ತಿನ್ನತಕ್ಕದ್ದು, ಅದರಾಚೆಗೆ ತಾಜಾ ಎನ್ನಲಾಗದು ಎಂಬುದು ಅಲ್ಲಿ ರೂಢಿಗೆ ಬಂದ ಸ್ಥೂಲ ನಿಯಮ. ಮೊತ್ತಕ್ಕೆ ಬದಲಾಗಿ ಅನುಪಾತವನ್ನು ಆರಿಸಿದುದು ಈ ಸೂಚ್ಯಂಕದ ಜಾಣ್ಮೆ: ಪರೀಕ್ಷೆಗೆ ತೆಗೆದ ಮಾಂಸದ ತುಣುಕು ತುಸು ದೊಡ್ಡದಾದರೂ ಚಿಕ್ಕದಾದರೂ, ಮೀನು ಕೊಬ್ಬಿದುದಾದರೂ ಬಡಕಲಾದರೂ, ಅನುಪಾತ ಬದಲಾಗುವುದಿಲ್ಲ. ಮಂಜಿನಲ್ಲಿ ಘನೀಕರಿಸಿದ ಮೀನಿನಲ್ಲಿ ಈ ಮೌಲ್ಯ ಬಹಳ ನಿಧಾನವಾಗಿ ಏರುವುದರಿಂದ, ಘನೀಕರಿಸುವ ಮೊದಲು ಅದು ಎಷ್ಟು ತಾಜಾ ಇತ್ತೆಂಬುದನ್ನೂ ಊಹಿಸಬಹುದು. ಆದರೆ ಆರು ಪದಾರ್ಥಗಳನ್ನೂ ಬೇರೆಬೇರೆಯಾಗಿ ಅಳೆಯಲು ಅಧಿಕ ಒತ್ತಡದ ದ್ರವ ವರ್ಣರೇಖನದಂಥ ದುಬಾರಿ ಯಂತ್ರವೂ ನುರಿತ ಕೈಯೂ ಬೇಕು. ಅಂಥ ಯಂತ್ರವನ್ನು ಮೀನಿನ ಹಲಗೆಯ ಪಕ್ಕದಲ್ಲಿ ಇಡಲಾಗದು.

ಈ ಕೊರತೆಯನ್ನು ನೀಗುವ ದಾರಿ ಬೇರೊಂದು ಕ್ಷೇತ್ರದಿಂದ, ವೈದ್ಯಶಾಸ್ತ್ರದಿಂದ ಬಂದಿತು. ಅಮೆರಿಕದ ಲೆಲೆಂಡ್ ಕ್ಲಾರ್ಕ್ 1956ರಲ್ಲಿ, ರಕ್ತದಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ, ತೆಳುಪೊರೆಯಿಂದ ಮುಚ್ಚಿದ ವಿದ್ಯುದಗ್ರವನ್ನು ಪ್ರಕಟಿಸಿ, 1962ರಲ್ಲಿ ಚಾಂಪ್ ಲಯನ್ಸ್ ಎಂಬುವನೊಡನೆ ಬರೆದ ಲೇಖನದಲ್ಲಿ, ಆ ಪೊರೆಯ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವದ ಪದರವೊಂದನ್ನು ಇಟ್ಟರೆ ಆಮ್ಲಜನಕದ ವಿದ್ಯುದಗ್ರವೇ ಸಕ್ಕರೆಯ ವಿದ್ಯುದಗ್ರವಾಗುವುದೆಂದು ವಿವರಿಸಿದನು. 1967ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಕಿಣ್ವವನ್ನು ಜೆಲ್ಲಿಯಂಥ ಬಹ್ವಣುವಿನೊಳಗೆ ಸೆರೆಹಿಡಿದು, ಇದನ್ನು ಕೆಲಸಮಾಡುವ ಸಾಧನವಾಗಿಸಿದರು. ಮಧುಮೇಹಿಗಳು ಇಂದು ಮನೆಯಲ್ಲಿ ಬೆರಳಿನ ತುದಿಯ ರಕ್ತದ ಹನಿಯನ್ನು ತಾಗಿಸುವ ಪಟ್ಟಿಯೂ, ಮೀನಿನ ತಾಜಾತನ ಅಳೆಯುವ ಸಂವೇದಕವೂ ಈ ಒಂದೇ ಬಳ್ಳಿಯ ಕಾಯಿಗಳು. ಗ್ಲೂಕೋಸ್ ಆಕ್ಸಿಡೇಸಿನ ಸ್ಥಾನದಲ್ಲಿ ಕ್ಸಾಂಥಿನ್ ಆಕ್ಸಿಡೇಸನ್ನು ಕೂರಿಸಿದರೆ, ಸಕ್ಕರೆಯ ಬದಲಿಗೆ ಹೈಪೊಕ್ಸಾಂಥಿನ್ ಮಾತನಾಡುತ್ತದೆ.

ಕ್ಸಾಂಥಿನ್ ಆಕ್ಸಿಡೇಸ್ ಎಂಬ ಈ ಕಿಣ್ವದ ಬಗ್ಗೆ ತುಸು ನಿಂತು ಹೇಳುವುದು ಯುಕ್ತ. ಮಾಲಿಬ್ಡಿನಮ್ ಮತ್ತು ಕಬ್ಬಿಣಗಳನ್ನು ತನ್ನೊಳಗೆ ಧರಿಸಿರುವ ಈ ದೊಡ್ಡ ಪ್ರೋಟೀನಿನ ಅತಿ ಸುಲಭವಾದ ಮೂಲ ಹಸುವಿನ ಹಾಲು. ಕಾಯಿಸದ ಹಾಲಿನ ಕೊಬ್ಬಿನ ಕಣಗಳನ್ನು ಸುತ್ತಿರುವ ಪೊರೆಯಲ್ಲಿ ಅದು ನೆಲೆಸಿರುತ್ತದೆ. 1902ರಲ್ಲಿ ಶಾರ್ಡಿಂಗರ್ ಎಂಬಾತನು, ಫಾರ್ಮಾಲ್ಡಿಹೈಡ್ ಬೆರೆಸಿದ ಮೀಥಿಲೀನ್ ನೀಲಿಯ ಬಣ್ಣವನ್ನು ಹಸಿ ಹಾಲು ಅಳಿಸುತ್ತದೆ, ಕಾಯಿಸಿದ ಹಾಲು ಅಳಿಸುವುದಿಲ್ಲ ಎಂದು ಕಂಡುಕೊಂಡುದು ಈ ಕಿಣ್ವದ ಪ್ರಥಮ ಪರಿಚಯ. ಮೀನು ಮತ್ತು ಹಾಲು ಕೂಡಿ ಉಣ್ಣಬಾರದ ವಿರುದ್ಧಾಹಾರವೆಂದು ಆಯುರ್ವೇದ ಸಾರಿದ ನಾಡಿನಲ್ಲಿ, ಹಾಲಿನಿಂದ ತೆಗೆದ ಕಿಣ್ವವೇ ಮೀನಿನ ಗುಣದ ಸಾಕ್ಷಿಯಾಗಿ ನಿಲ್ಲುವುದನ್ನು ಕಂಡಾಗ ಮನಸ್ಸಿಗೆ ಒಂದು ಬಗೆಯ ಹರ್ಷವುಂಟಾಗುತ್ತದೆ. ಈ ಕಿಣ್ವವು ಹೈಪೊಕ್ಸಾಂಥಿನ್ನನ್ನು ಕ್ಸಾಂಥಿನ್ ಆಗಿಯೂ ಕ್ಸಾಂಥಿನ್ನನ್ನು ಯೂರಿಕ್ ಆಮ್ಲವಾಗಿಯೂ ಉತ್ಕರ್ಷಿಸುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ಆಮ್ಲಜನಕ ಖರ್ಚಾಗಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಖರ್ಚಾದ ಆಮ್ಲಜನಕವನ್ನು ಅಳೆದರೂ ಸರಿ, ಹುಟ್ಟಿದ ಪೆರಾಕ್ಸೈಡನ್ನು ಅಳೆದರೂ ಸರಿ, ಮೀನಿನ ಸಾರದಲ್ಲಿ ಹೈಪೊಕ್ಸಾಂಥಿನ್ ಎಷ್ಟಿತ್ತೆಂಬುದು ತಿಳಿಯುತ್ತದೆ.

ಟೋಕಿಯೋದ ಇಸಾವೊ ಕರೂಬೆ, ಎತ್ಸುವೊ ವತನಾಬೆ ಮತ್ತು ಅವರ ಸಂಗಡಿಗರು 1983-84ರ ಸುಮಾರಿಗೆ ಈ ತತ್ತ್ವವನ್ನು ಮೀನಿಗೆ ಅನ್ವಯಿಸಿದರು. ಮೊದಲು ಹೈಪೊಕ್ಸಾಂಥಿನ್ ಒಂದನ್ನೇ ಅಳೆದರು; ತರುವಾಯ ಐಎಂಪಿಯನ್ನು ಇನೊಸಿನ್ ಆಗಿಸುವ ನ್ಯೂಕ್ಲಿಯೊಟಿಡೇಸ್, ಇನೊಸಿನ್ನನ್ನು ಹೈಪೊಕ್ಸಾಂಥಿನ್ ಆಗಿಸುವ ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್, ಇವೆರಡನ್ನೂ ಕ್ಸಾಂಥಿನ್ ಆಕ್ಸಿಡೇಸಿನ ಜೊತೆಗೆ ಸೇರಿಸಿ, ಮೀನು ತನ್ನೊಳಗೆ ದಿನಗಟ್ಟಲೆ ಇಳಿಯುವ ಮೆಟ್ಟಿಲುಗಳನ್ನು ಪೊರೆಯ ಮೇಲೆ ನಿಮಿಷಗಳಲ್ಲಿ ಇಳಿಯುವಂತೆ ಮಾಡಿದರು. ಒಂದು ಹೆಜ್ಜೆಯ ಕಿಣ್ವವನ್ನು ಬಳಸಿದಾಗ ಬಂದ ಅಂಕಿಯನ್ನೂ ಎರಡು, ಮೂರು ಹೆಜ್ಜೆಗಳವನ್ನು ಬಳಸಿದಾಗ ಬಂದ ಅಂಕಿಗಳನ್ನೂ ಪರಸ್ಪರ ಕಳೆದರೆ ಪ್ರತಿಯೊಂದು ಪದಾರ್ಥದ ಪಾಲೂ ದೊರೆಯುತ್ತದೆ. ಬೇಗ ಮುಗಿದುಹೋಗುವ ಎಟಿಪಿ, ಎಡಿಪಿ, ಎಎಂಪಿಗಳನ್ನು ಬಿಟ್ಟು ಉಳಿದ ಮೂರರಿಂದಲೇ ಲೆಕ್ಕಹಾಕುವ ಕೆಐ-ಮೌಲ್ಯವು ಇಂಥ ಸಂವೇದಕಗಳಿಗೆ ಹೊಂದಿಕೊಂಡಿತು. ಜಪಾನಿನಲ್ಲಿ ಕೆವಿ-101 ಎಂಬ ಹೆಸರಿನ ತಾಜಾತನದ ಮಾಪಕವೂ, ಕೆನಡಾದಲ್ಲಿ ಲುವಾಂಗ್ ಮತ್ತು ಸಂಗಡಿಗರ ಸಂಶೋಧನೆಯ ಬೆನ್ನಲ್ಲಿ ಮೈಕ್ರೊಫ್ರೆಶ್ ಎಂಬ ಉಪಕರಣವೂ ಮಾರುಕಟ್ಟೆಗೆ ಬಂದುವು.

ಕಿಣ್ವವನ್ನು ನೆಲೆಗೊಳಿಸುವ ಕಲೆಯೇ ಈ ವಿದ್ಯೆಯ ಮರ್ಮ. ನೀರಿನಲ್ಲಿ ಕರಗಿದ ಕಿಣ್ವವನ್ನು ಒಮ್ಮೆ ಬಳಸಿ ಚೆಲ್ಲಬೇಕಾಗುತ್ತದೆ. ಅದನ್ನು ಪೊರೆಗೆ ಅಂಟಿಸಿ ನಿಲ್ಲಿಸಿದರೆ ಮತ್ತೆಮತ್ತೆ ಬಳಸಬಹುದು. ಗ್ಲೂಟರಾಲ್ಡಿಹೈಡಿನಿಂದ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆಯುವುದು, ಜೆಲ್ಲಿಯೊಳಗೆ ಸೆರೆಹಿಡಿಯುವುದು, ರಾಸಾಯನಿಕ ಬಂಧದಿಂದ ನೇರವಾಗಿ ಬಿಗಿಯುವುದು ಇವು ಪ್ರಸಿದ್ಧ ಮಾರ್ಗಗಳು. ಬಿಗಿ ಹೆಚ್ಚಾದರೆ ಕಿಣ್ವದ ಕೈಕಾಲು ಕಟ್ಟಿದಂತಾಗಿ ಅದರ ಕೆಲಸ ಕುಂದುತ್ತದೆ, ಕಡಿಮೆಯಾದರೆ ಸೋರಿಹೋಗುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎನ್. ಜಿ. ಕಾರಂತ, ಎಂ. ಎಸ್. ಠಾಕೂರ್ ಮತ್ತು ಅವರ ಶಿಷ್ಯವರ್ಗದವರು ಆಹಾರಪರೀಕ್ಷೆಯ ಜೈವಿಕ ಸಂವೇದಕಗಳ ಮೇಲೆ ನಡೆಸಿದ ದೀರ್ಘಕಾಲದ ಕೆಲಸದಲ್ಲಿ ಈ ಬಿಗಿ-ಸಡಿಲಗಳ ಸಮಸ್ಯೆಗೆ ವಿಶೇಷ ಸ್ಥಾನವಿತ್ತು: ಗ್ಲೂಕೋಸ್ ಆಕ್ಸಿಡೇಸನ್ನು ನೆಲೆಗೊಳಿಸುವಾಗ ಜೆಲಟಿನ್, ಲೈಸೊಜೈಮ್ ಮೊದಲಾದ ಅನ್ಯ ಪ್ರೋಟೀನುಗಳನ್ನು ಬೆರೆಸಿದರೆ ಕಿಣ್ವದ ಬಾಳಿಕೆ ಹೇಗೆ ಬದಲಾಗುತ್ತದೆಂಬುದನ್ನು ಅವರು ಪರಿಶೀಲಿಸಿದರು. ಆ ಕೆಲಸ ಸಕ್ಕರೆಯ ಕಿಣ್ವವನ್ನು ಕುರಿತದ್ದಾದರೂ, ಅಲ್ಲಿಯ ಪಾಠ ಮೀನಿನ ಸಂವೇದಕಕ್ಕೂ ಸಲ್ಲುವಂಥದು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಆಹಾರ ತಂತ್ರಜ್ಞಾನ ವಿಭಾಗದ ವಿ. ವೇಣುಗೋಪಾಲ್ 2002ರಲ್ಲಿ, ಮೀನಿನ ಉತ್ಪಾದನೆ ಮತ್ತು ಗುಣನಿಯಂತ್ರಣದಲ್ಲಿ ಜೈವಿಕ ಸಂವೇದಕಗಳ ಪಾತ್ರವನ್ನು ಸಮೀಕ್ಷಿಸಿ ಬರೆದ ಪ್ರಬಂಧವು ಭಾರತೀಯರು ಈ ವಿಷಯವನ್ನು ಸಮಗ್ರವಾಗಿ ಕಂಡುದಕ್ಕೆ ಒಳ್ಳೆಯ ನಿದರ್ಶನ.

ಹರಿಯಾಣದ ರೋಹತಕದಲ್ಲಿ ಸಿ. ಎಸ್. ಪುಂಡೀರ್ ಮತ್ತು ಅವರ ಸಹೋದ್ಯೋಗಿಗಳು 2010ರ ಬಳಿಕ ಕ್ಸಾಂಥಿನ್ ಆಕ್ಸಿಡೇಸನ್ನು ಸತುವಿನ ಆಕ್ಸೈಡ್, ಚಿನ್ನ ಲೇಪಿಸಿದ ಕಬ್ಬಿಣ ಇತ್ಯಾದಿಗಳ ಅತಿಸೂಕ್ಷ್ಮ ಕಣಗಳ ಮೇಲೆ ನೆಲೆಗೊಳಿಸಿ ಮೀನಿನ ಮಾಂಸದಲ್ಲಿಯ ಕ್ಸಾಂಥಿನ್ನನ್ನು ಅಳೆದರು. ಈ ಕಣಗಳನ್ನು ಹಿಡಿದಿಡುವುದಕ್ಕೆ ಅವರು ಬಳಸಿದ ಪದಾರ್ಥಗಳಲ್ಲಿ ಒಂದು ಕೈಟೊಸಾನ್. ಇದನ್ನು ಸಾಮಾನ್ಯವಾಗಿ ತಯಾರಿಸುವುದು ಸೀಗಡಿ ಮತ್ತು ಏಡಿಗಳ ಚಿಪ್ಪಿನಿಂದ. ಬಂದರಿನ ಸೀಗಡಿ ಸುಲಿಯುವ ಕೊಟ್ಟಿಗೆಗಳ ಹಿಂದೆ ಕೊಳೆಯುತ್ತ ಬಿದ್ದಿರುವ ಚಿಪ್ಪಿನ ರಾಶಿ ಒಂದು ದಿನ ಅದೇ ಬಂದರಿನ ಮೀನಿನ ಗುಣವನ್ನು ಅಳೆಯುವ ಪೊರೆಯಾಗಬಹುದೆಂಬುದನ್ನು ಕರಾವಳಿಯ ಉದ್ಯಮಿಗಳು ಗಮನಿಸಬೇಕಾದುದುಂಟು.

ವಿದ್ಯುದಗ್ರದ ಮೇಲಿನ ಅಳತೆಯಲ್ಲಿ ಒಂದು ತೊಡಕಿದೆ. ಪೆರಾಕ್ಸೈಡನ್ನು ಪ್ಲಾಟಿನಮ್ ಮೇಲೆ ನೇರವಾಗಿ ಅಳೆಯಲು ಸುಮಾರು 0.6ರಿಂದ 0.7 ವೋಲ್ಟಿನಷ್ಟು ವಿಭವ ಬೇಕು; ಅಷ್ಟು ವಿಭವದಲ್ಲಿ ಮೀನಿನ ಸಾರದಲ್ಲಿರುವ ಆಸ್ಕಾರ್ಬಿಕ್ ಆಮ್ಲವೂ, ಕಿಣ್ವಕ್ರಿಯೆಯಿಂದಲೇ ಹುಟ್ಟಿದ ಯೂರಿಕ್ ಆಮ್ಲವೂ ಉತ್ಕರ್ಷಣಗೊಂಡು ಸುಳ್ಳು ಪ್ರವಾಹವನ್ನು ಕೊಡುತ್ತವೆ. ಇದರ ನಿವಾರಣೆಗೆ ಪ್ರಷ್ಯನ್ ನೀಲಿಯಂಥ ಮಧ್ಯವರ್ತಿಯನ್ನು ಲೇಪಿಸಿ, ಶೂನ್ಯಕ್ಕೆ ಸಮೀಪದ ವಿಭವದಲ್ಲಿಯೇ ಪೆರಾಕ್ಸೈಡನ್ನು ಹಿಡಿಯುವುದುಂಟು.

ಇನ್ನು ಹಡಪಸರದಂಥ ಪೇಟೆಗೆ ಮುಖ್ಯವಾದ ಪ್ರಶ್ನೆಗೆ ಬರೋಣ. ಕಡಲ ಮೀನಿಗೂ ಹಿನ್ನೀರಿನ ಮೀನಿಗೂ ಒಂದೇ ಅಳತೆಗೋಲು ಸಲ್ಲುವುದೇ? ಕಡಲ ಮೀನು ಕೆಟ್ಟಾಗ ಮೂಗಿಗೆ ಬಡಿಯುವ ವಾಸನೆಯ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್. ಉಪ್ಪುನೀರಿನ ಒತ್ತಡವನ್ನು ತಾಳಿಕೊಳ್ಳುವುದಕ್ಕಾಗಿ ಕಡಲ ಮೀನುಗಳು ತಮ್ಮ ದೇಹದಲ್ಲಿ ಕೂಡಿಟ್ಟುಕೊಳ್ಳುವ ಟ್ರೈಮೀಥೈಲ್ ಅಮೀನ್ ಆಕ್ಸೈಡನ್ನು ಸೂಕ್ಷ್ಮಜೀವಿಗಳು ಅಪಕರ್ಷಿಸಿದಾಗ ಅದು ಹುಟ್ಟುತ್ತದೆ. ಸಿಹಿನೀರಿನ ಮೀನುಗಳಲ್ಲಿ ಈ ಆಕ್ಸೈಡ್ ಅತ್ಯಲ್ಪ. ಆದುದರಿಂದ ಟ್ರೈಮೀಥೈಲ್ ಅಮೀನನ್ನು ಅಳೆಯುವ ಸಂವೇದಕವು, ಅದು ಎಷ್ಟೇ ನಿಖರವಾಗಿರಲಿ, ಘಟ್ಟದ ಕೆಳಗಿನಿಂದ ಬಂದ ಬಂಗುಡೆಯ ಬಗ್ಗೆ ನಿಜ ಹೇಳಿ, ಭಿಗವಣದಿಂದ ಬಂದ ಕಾಟ್ಲಾದ ಬಗ್ಗೆ ಮೌನವಾಗುತ್ತದೆ. ಆ ಮೌನವನ್ನು ಕೊಳ್ಳುವವರು ತಾಜಾತನವೆಂದು ಭ್ರಮಿಸುವ ಅಪಾಯವಿದೆ. ಎಟಿಪಿಯ ವಿಘಟನೆಯಾದರೋ ನೀರಿನ ಉಪ್ಪನ್ನು ನೋಡುವುದಿಲ್ಲ. ಸ್ನಾಯುವುಳ್ಳ ಮೀನೆಲ್ಲದರಲ್ಲಿಯೂ ಅದು ನಡೆಯುತ್ತದೆ. ಎರಡು ನೀರಿನ ಮೀನುಗಳು ಕೂಡುವ ಪೇಟೆಗೆ ಹೈಪೊಕ್ಸಾಂಥಿನ್ನಿನ ಮಾರ್ಗವೇ ಸರಿಯೆಂದು ನಾವು ಹೇಳುವುದಕ್ಕೆ ಇದು ಆಧಾರ.

ಹಾಗೆಂದು ಒಂದೇ ಅಂಕಿ ಎಲ್ಲ ಮೀನಿಗೂ ಒಪ್ಪುವುದಿಲ್ಲ. ಕೆಲವು ಜಾತಿಗಳಲ್ಲಿ ಇನೊಸಿನ್ ಬೇಗನೆ ಹೈಪೊಕ್ಸಾಂಥಿನ್ ಆಗಿ ಮುಂದೆ ಸರಿಯುತ್ತದೆ. ಕೆಲವುಗಳಲ್ಲಿ ಇನೊಸಿನ್ ಆಗಿಯೇ ಕೂಡಿಕೊಂಡು ನಿಲ್ಲುತ್ತದೆ. ಎರಡನೆಯ ಬಗೆಯ ಮೀನಿನಲ್ಲಿ ಹೈಪೊಕ್ಸಾಂಥಿನ್ ಒಂದನ್ನೇ ಅಳೆದರೆ ಹಳೆಯ ಮೀನು ಹೊಸದಾಗಿ ತೋರುತ್ತದೆ. ಅನುಪಾತವನ್ನು ಅಳೆಯುವ, ಹಲವು ಕಿಣ್ವಗಳ ಸಂವೇದಕವು ಬೇಕಾಗುವುದು ಇದಕ್ಕೇ. ಮೆದುದೇಹಿಗಳಲ್ಲಿ ಈ ಸರಣಿಯೇ ತುಸು ಬೇರೆ ಹಾದಿ ಹಿಡಿಯುವುದರಿಂದ, ಕಪ್ಪೆಚಿಪ್ಪು, ಕಣವೆ ಮೀನುಗಳಿಗೆ ಕೆ-ಮೌಲ್ಯವನ್ನು ಹಾಗೆಯೇ ಅನ್ವಯಿಸಲಾಗದು. ಒಂದೊಂದು ಜಾತಿಯ ಮೀನನ್ನೂ ಮಂಜುಗಡ್ಡೆಯಲ್ಲಿಟ್ಟು, ದಿನದಿನವೂ ಅಳೆದು, ರುಚಿನೋಡುವವರ ತೀರ್ಪಿನೊಡನೆ ತಾಳೆಹಾಕಿ ಕೋಷ್ಟಕಗಳನ್ನು ತಯಾರಿಸುವುದು ಬೇಸರದ ಕೆಲಸವಾದರೂ ಅನಿವಾರ್ಯ. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು, ಇಂಥ ಕಡೆಗಳಲ್ಲಿ ಮಾತ್ರ ನಡೆಯಬಲ್ಲ ಈ ತಾಳ್ಮೆಯ ಕೆಲಸವಿಲ್ಲದೆ ಯಾವ ಸಂವೇದಕವೂ ನಮ್ಮ ಮೀನಿನ ಭಾಷೆಯನ್ನು ಅರಿಯಲಾರದು.

ತಾಜಾತನದ ಪ್ರಶ್ನೆಯ ಜೊತೆಗೆ ಆರೋಗ್ಯದ ಪ್ರಶ್ನೆಯೂ ಇದೆ. ಬಂಗುಡೆ, ಸುರಮಯಿ, ಗೆದರೆ ಮೊದಲಾದ ಒಂದೇ ಕುಟುಂಬದ ಮೀನುಗಳ ಮಾಂಸದಲ್ಲಿ, ಹಾಗೆಯೇ ಬೂತಾಯಿಯಲ್ಲಿ, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿದ್ದು, ಮೀನನ್ನು ಬೆಚ್ಚಗೆ ಬಿಟ್ಟರೆ ಕೆಲವು ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮೀನ್ ಆಗಿ ಪರಿವರ್ತಿಸುತ್ತವೆ. ಹಿಸ್ಟಮೀನಿಗೆ ವಾಸನೆಯಿಲ್ಲ, ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ, ತಿಂದವರ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುವಾಗಲೇ ಅದು ತಿಳಿಯುವುದು. ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್, ಕೆಟ್ಟಿತೆಂಬುದರ ಗುರುತಾಗಿ 100 ಗ್ರಾಮಿಗೆ 10 ಮಿಲಿಗ್ರಾಮನ್ನೂ, ಸುರಕ್ಷತೆಯ ಮೇರೆಯಾಗಿ 20 ಮಿಲಿಗ್ರಾಮನ್ನೂ ಗೊತ್ತುಮಾಡಿದೆ. ಇಲ್ಲಿ ನೆರವಾಗುವ ಕಿಣ್ವ ಡೈಅಮೀನ್ ಆಕ್ಸಿಡೇಸ್; ಬಟಾಣಿಯ ಎಳೆಯ ಮೊಳಕೆಯಿಂದ ಇದನ್ನು ತೆಗೆಯಬಹುದು. ಇದು ಹಿಸ್ಟಮೀನಿಗಿಂತ ಪ್ಯುಟ್ರೆಸಿನ್, ಕಡಾವರಿನ್ ಎಂಬ ಕೊಳೆತದ ಅಮೀನುಗಳಿಗೆ ಹೆಚ್ಚು ಒಲಿಯುವುದರಿಂದ, ಒಟ್ಟು ಕೆಡುವಿಕೆಯ ಅಳತೆಗೆ ಒಳ್ಳೆಯದು. ಹಿಸ್ಟಮೀನ್ ಒಂದನ್ನೇ ಹಿಡಿಯಬೇಕಾದರೆ ಹಿಸ್ಟಮೀನ್ ಡಿಹೈಡ್ರೊಜಿನೇಸ್ ಲೇಸು. ಜಪಾನಿನ ಕಿಕ್ಕೊಮನ್ ಕಂಪನಿ ಈ ಕಿಣ್ವವನ್ನು ಬಳಸಿ ಬಣ್ಣದ ಪರೀಕ್ಷೆಯ ಪೆಟ್ಟಿಗೆಯೊಂದನ್ನು ಮಾರುತ್ತದೆ. ಹೊಸದಾದ ಬಂಗುಡೆಯನ್ನು ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಅರ್ಧ ದಿನ ಬಿಟ್ಟರೆ ಏನಾಗುವುದೆಂಬುದನ್ನು ತಿಳಿದವರು ಈ ಸಂವೇದಕವನ್ನು ವಿಲಾಸದ ವಸ್ತುವೆನ್ನಲಾರರು.

ಫಾರ್ಮಲಿನ್ ಪ್ರಕರಣವನ್ನೂ ಇಲ್ಲಿ ಹೇಳಬೇಕು. 2018ರಲ್ಲಿ ಕೇರಳದಲ್ಲಿಯೂ ಗೋವೆಯಲ್ಲಿಯೂ ಹೊರರಾಜ್ಯದಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ಬೆರೆತಿದೆಯೆಂಬ ಸುದ್ದಿ ಹಬ್ಬಿ, ಗೋವೆಯ ಸರಕಾರ ಕೆಲಕಾಲ ಮೀನಿನ ಆಮದನ್ನೇ ನಿಲ್ಲಿಸಿತು. ಅದೇ ವರುಷ ಕೊಚ್ಚಿಯ ಸಂಸ್ಥೆ ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯಾಗಳನ್ನು ಕಾಗದದ ಪಟ್ಟಿಯಿಂದ ಗುರುತಿಸುವ ಸಿಫ್ಟೆಸ್ಟ್ ಎಂಬ ಸರಳ ಸಾಧನವನ್ನು ಬಳಕೆಗೆ ಕೊಟ್ಟಿತು. ಅದು ರಾಸಾಯನಿಕ ಪರೀಕ್ಷೆ, ಕಿಣ್ವದ ಪರೀಕ್ಷೆಯಲ್ಲ. ಫಾರ್ಮಾಲ್ಡಿಹೈಡ್ ಡಿಹೈಡ್ರೊಜಿನೇಸ್ ಕಿಣ್ವದಿಂದಲೂ ಈ ಅಳತೆ ಸಾಧ್ಯ. ಆದರೆ ಪುಣೆಯವರ ಅಚ್ಚುಮೆಚ್ಚಿನ ಬೊಂಬಿಲಿನಲ್ಲಿ ಯಾರೂ ಏನನ್ನೂ ಬೆರೆಸದಿದ್ದರೂ, ಟ್ರೈಮೀಥೈಲ್ ಅಮೀನ್ ಆಕ್ಸೈಡ್ ಒಡೆದು ಫಾರ್ಮಾಲ್ಡಿಹೈಡ್ ತಾನಾಗಿಯೇ ಹುಟ್ಟುತ್ತದೆ. ಹಾಗಾಗಿ ಇದೆಯೇ ಇಲ್ಲವೇ ಎಂದು ಕೇಳುವ ಪರೀಕ್ಷೆ ಇಂಥ ಮೀನಿಗೆ ಸಾಲದು, ಎಷ್ಟಿದೆ ಎಂದು ಹೇಳುವ ಪರೀಕ್ಷೆ ಬೇಕು. ಇಲ್ಲದಿದ್ದರೆ ನಿರಪರಾಧಿಯಾದ ಮೀನುಗಾರ್ತಿಯ ಬುಟ್ಟಿ ಬೀದಿಗೆ ಚೆಲ್ಲುವ ಪ್ರಸಂಗ ಬಂದೀತು.

ನಾಲ್ಕು ದಶಕಗಳ ಸಂಶೋಧನೆಯ ಬಳಿಕವೂ ಈ ಸಂವೇದಕಗಳು ನಮ್ಮ ಪೇಟೆಗಳಲ್ಲಿ ಕಾಣಸಿಗದಿರುವುದಕ್ಕೆ ಕಾರಣಗಳುಂಟು. ರಕ್ತದ ಹನಿಯಂತೆ ಮೀನು ತಾನಾಗಿ ದ್ರವವಲ್ಲ. ಮಾಂಸವನ್ನು ತೂಗಿ, ಆಮ್ಲದಲ್ಲಿ ಅರೆದು, ಪ್ರೋಟೀನನ್ನು ಕೆಳಗಿಳಿಸಿ, ಸೋಸಿ, ಕ್ಷಾರದಿಂದ ತಟಸ್ಥಗೊಳಿಸಿದ ಮೇಲೆಯೇ ಸಂವೇದಕದ ಸರದಿ. ಅಳತೆಗೆ ಕೆಲವೇ ನಿಮಿಷ, ಸಿದ್ಧತೆಗೆ ಅದರ ಹಲವು ಪಟ್ಟು. ಎರಡನೆಯದಾಗಿ, ಕಿಣ್ವವೂ ಮೀನಿನಂತೆಯೇ ಕೆಡುವ ವಸ್ತು. ಚೈತ್ರ-ವೈಶಾಖಗಳಲ್ಲಿ ಪುಣೆಯ ಪೂರ್ವಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸಿನ ಸುತ್ತಮುತ್ತ ಏರುವ ದಿನಗಳಲ್ಲಿ, ತಂಪುಪೆಟ್ಟಿಗೆಯಿಲ್ಲದ ಅಂಗಡಿಯಲ್ಲಿ ಪೊರೆಯ ಮೇಲಿನ ಕಿಣ್ವ ಎಷ್ಟು ದಿನ ಬಾಳೀತು? ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: ಒಂದು ಮೀನಿನ ಪರೀಕ್ಷೆ ಆ ಮೀನಿನದು ಮಾತ್ರ, ಪೆಟ್ಟಿಗೆಯ ತಳದಲ್ಲಿ ಮಂಜುಗಡ್ಡೆ ಕರಗಿದ ನೀರಿನಲ್ಲಿ ಬಿದ್ದಿದ್ದ ಇನ್ನೊಂದರದಲ್ಲ.

ಈ ತೊಡಕುಗಳಿಗೆ ಉತ್ತರವಾಗಿ ಈಚೆಗೆ ಕಾಗದದ ಸಂವೇದಕಗಳು ರೂಪುಗೊಳ್ಳುತ್ತಿವೆ. ಅಮೆರಿಕದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದಲ್ಲಿ ಸಿಲ್ವಾನಾ ಆಂದ್ರೀಸ್ಕು ಮತ್ತು ಫಾತಿಮಾ ಮುಸ್ತಫಾ 2020ರಲ್ಲಿ ವರ್ಣಿಸಿದ ಪಟ್ಟಿಯಲ್ಲಿ, ಕಿಣ್ವವೂ ಬಣ್ಣಗೊಳ್ಳುವ ದ್ರವ್ಯವೂ ಕಾಗದದಲ್ಲಿಯೇ ಒಣಗಿ ಕುಳಿತಿದ್ದು, ಮೀನಿನ ಸಾರ ತಾಗಿದೊಡನೆ ಒಂದೇ ಹೆಜ್ಜೆಯಲ್ಲಿ ಬಣ್ಣ ಮೂಡುತ್ತದೆ. ಒಣಗಿದ ಕಿಣ್ವ ಒದ್ದೆಯಾದುದಕ್ಕಿಂತ ಹೆಚ್ಚು ದಿನ ಬಾಳುತ್ತದೆ; ಬಣ್ಣದ ತೀವ್ರತೆಯನ್ನು ಕೈಯಲ್ಲಿರುವ ಮೊಬೈಲಿನ ಕ್ಯಾಮೆರಾ ಅಳೆಯಬಲ್ಲದು. ಆಮ್ಲ, ಅರೆಯುವ ಯಂತ್ರಗಳ ಬದಲು ಮೀನಿನ ಮೈಗೆ ಒತ್ತಿದ ತೇವದಿಂದಲೇ ಪರೀಕ್ಷೆ ನಡೆಯುವಂತಾದರೆ ದಾರಿ ಬಹಳಮಟ್ಟಿಗೆ ಸುಗಮವಾದಂತೆ.

ಮೀನನ್ನು ಮುಟ್ಟದೆಯೇ ಅದು ಅನುಭವಿಸಿದ ಬಿಸಿಯನ್ನು ಲೆಕ್ಕವಿಡುವ ಮತ್ತೊಂದು ವಿಧಾನವನ್ನು ಸಂವೇದಕಗಳ ಸೋದರವೆನ್ನಬಹುದು. ಸ್ವೀಡನ್ನಿನ ವಿಟ್ಸಾಬ್ ಸಂಸ್ಥೆಯ ಅಂಟುಚೀಟಿಯಲ್ಲಿ, ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವವು ಉಷ್ಣತೆಗೆ ತಕ್ಕ ವೇಗದಲ್ಲಿ ಆಮ್ಲವನ್ನು ಬಿಡುಗಡೆಮಾಡುತ್ತ ಹಸಿರನ್ನು ಹಳದಿಗೆ ತಿರುಗಿಸುತ್ತದೆ. ಮೀನು ಕೆಡುವ ವೇಗವೂ ಉಷ್ಣತೆಯೊಡನೆ ಹೀಗೆಯೇ ಏರುವುದು: 0 ಡಿಗ್ರಿಯಲ್ಲಿ ಕೆಡುವುದಕ್ಕಿಂತ 5 ಡಿಗ್ರಿಯಲ್ಲಿ ಎರಡು ಪಟ್ಟಿಗೂ ಮೀರಿ, 10 ಡಿಗ್ರಿಯಲ್ಲಿ ಸುಮಾರು ನಾಲ್ಕು ಪಟ್ಟು ವೇಗವಾಗಿ ಅದು ಕೆಡುತ್ತದೆಂಬುದು ತಂಪು ಕಡಲುಗಳ ಮೀನಿನ ಅಭ್ಯಾಸದಿಂದ ಬಂದ ಸ್ಥೂಲ ಸೂತ್ರ.

ಹಡಪಸರಕ್ಕೆ ಈ ಬಗೆಯ ಚೀಟಿ ಹೊಸದೇನಲ್ಲ. 1966ರಲ್ಲಿ ಇಲ್ಲಿ ಸ್ಥಾಪಿತವಾಗಿ ಜಗತ್ತಿನ ಅತಿ ದೊಡ್ಡ ಲಸಿಕೆ ತಯಾರಕರಲ್ಲೊಂದಾಗಿ ಬೆಳೆದ ಸೀರಮ್ ಇನ್‌ಸ್ಟಿಟ್ಯೂಟಿನಿಂದ ಹೊರಡುವ ಲಸಿಕೆಯ ಸೀಸೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಕಾಪಾಡಬೇಕಾಗುತ್ತದೆ. 1996ರಲ್ಲಿ ಪೋಲಿಯೋ ಲಸಿಕೆಯೊಡನೆ ಜಗತ್ತಿನಲ್ಲಿ ಬಳಕೆಗೆ ಬಂದ ಉಷ್ಣಸೂಚಕ ಚೀಟಿಯಲ್ಲಿ, ವೃತ್ತದ ನಡುವಣ ಚೌಕವು ಬಿಸಿ ತಾಗಿದಷ್ಟೂ ಕಪ್ಪಾಗುತ್ತ ಹೋಗಿ, ವೃತ್ತದ ಬಣ್ಣವನ್ನು ಮುಟ್ಟಿದರೆ ಆ ಸೀಸೆಯನ್ನು ಬಳಸಬಾರದೆಂದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೂ ತಿಳಿಯುತ್ತದೆ. ಅದು ಕಿಣ್ವದ ಸಾಧನವಲ್ಲ, ಬರಿಯ ರಾಸಾಯನಿಕ ಬಣ್ಣದ್ದು. ಆದರೆ ಪ್ರಯೋಗಾಲಯದ ಜ್ಞಾನವನ್ನು ಒಂದು ಚೌಕಕ್ಕೆ ಇಳಿಸಿ, ಓದುಬರಹ ಬಾರದವರ ಕಣ್ಣಿಗೂ ದಕ್ಕುವಂತೆ ಮಾಡಿದ ಈ ಬುದ್ಧಿವಂತಿಕೆಯೇ ಮೀನಿನ ಪೆಟ್ಟಿಗೆಗೂ ಬೇಕಾದುದು. ಒಂದೇ ಹೆದ್ದಾರಿಯಲ್ಲಿ ಲಸಿಕೆಯ ಗಾಡಿ ತನ್ನ ತಂಪಿನ ಲೆಕ್ಕವನ್ನು ಜೊತೆಯಲ್ಲಿಯೇ ಒಯ್ಯುತ್ತದೆ. ಮೀನಿನ ಥರ್ಮಕೋಲ್ ಪೆಟ್ಟಿಗೆ ಏನನ್ನೂ ಒಯ್ಯುವುದಿಲ್ಲ. ಭಿಗವಣದ ಲಿಲಾವಿನಲ್ಲಿ ಪೆಟ್ಟಿಗೆಯ ಮುಚ್ಚಳ ಬೀಳುವಾಗಲೇ ಅದರ ಒಳಮೈಗೆ ಇಂಥ ಚೀಟಿಯೊಂದನ್ನು ಅಂಟಿಸಿ, ಹಡಪಸರದಲ್ಲಿ ಮುಚ್ಚಳ ತೆರೆದಾಗ ಅದು ಸಂದೇಹಾಸ್ಪದವಾಗಿ ಕಂಡ ಪೆಟ್ಟಿಗೆಯ ಮೀನಿಗೆ ಮಾತ್ರ ಹೈಪೊಕ್ಸಾಂಥಿನ್ನಿನ ಪಟ್ಟಿಯನ್ನು ತಾಗಿಸುವ ಏರ್ಪಾಡಾದರೆ, ಪ್ರತಿ ಮೀನನ್ನೂ ಪರೀಕ್ಷಿಸಲಾಗದೆಂಬ ತೊಡಕೂ ನೀಗುತ್ತದೆ, ದುಬಾರಿಯಾದ ಕಿಣ್ವವೂ ಬೇಕಾದಲ್ಲಿ ಮಾತ್ರ ಖರ್ಚಾಗುತ್ತದೆ.